ರೋಸಿನ ಚಪ್ಪರಕ್ಕೆ ಅರ್ಥಿಂಗ್

"ನೀನೇ ಬರ್ಬೇಕಂತೆ ಬಾಯೆ. ಬೇರೆ ಯಾರೂ ಬೇಡ ಅಂತ ಡಿಯೋನ್ ಹೇಳಿದ್ದಾನೆ," ಎಂದು ಡಿಯೋನನ ಅಮ್ಮ ಮಗ್ದಲೀನ್ ಆಂಟಿ ಫೋನಿನಲ್ಲಿ ಹೇಳಿದ್ದೇ ತಡ, ಪಡೀಲಿನ ಮನೆಯಲ್ಲಿ ಸಂಚಿತಾಳ ಎದೆ ಡವಡವ ಹೊಡೆದುಕೊಳ್ಳತೊಡಗಿತು.

ಯಾಕೆ ಬರಬೇಕು ಎಂದು ಕೇಳಬೇಕಿತ್ತು. ಕೇಳಲಿಲ್ಲ. ನಾಳೆ ಡಿಯೋನನ ಮದುವೆ, ಇವತ್ತು ಸಂಜೆ ರೋಸ್; ಬಂಧುಬಳಗವೆಲ್ಲ ಸೇರಿ ಮದುಮಗನಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಅಂಥ ದಿನ ಕರೆಸಿದ್ದಾನೆಂದರೆ ಕೊನೆಗೂ ಬಾಯಿ ಬಿಡುತ್ತಾನೆ ಎಂದುಕೊಂಡಳು ಹುಚ್ಚಿ. ಅವನಿಗೆ ಇಷ್ಟದ ಹಸಿರು ಕುರ್ತಾ ಹಾಕಿ, ಸ್ಕೂಟರ್ ಹತ್ತಿ ಕಂಕನಾಡಿಗೆ ಬಂದೇಬಿಟ್ಟಳು.

ಗೇಟಿನಲ್ಲಿ ಕಾಯುತ್ತಿದ್ದ ಡಿಯೋನ್ ಕೇಳಿದ್ದು ಒಂದೇ ಮಾತು. "ಲೂಪ್ ಟೆಸ್ಟರ್ ತಂದಿದ್ದೀಯಾ?"

ಅಯ್ಯೋ, ಇಷ್ಟಕ್ಕಾ!

ಅರ್ಥಿಂಗ್ ಸರಿ ಇದೆಯಾ ಎಂದು ಅಳೆಯುವ ಆ ಟೆಸ್ಟರ್ ಅವಳ ಸ್ಕೂಟರಿನಲ್ಲಿ ಯಾವಾಗಲೂ ಇರುತ್ತದೆ. ಇಬ್ಬರೂ ಹಂಪನಕಟ್ಟೆಯ ಒಂದೇ ಆಫೀಸಿನ ಇಂಜಿನಿಯರುಗಳು. ಹೊಸ ಕಟ್ಟಡಗಳ ವಯರಿಂಗ್ ಪರೀಕ್ಷಿಸುವುದು ಕೆಲಸ. ಅವಳು ಮೀಟರ್ ಓದುವುದು, ಅವನು ಕೂಡಿಸಿ ಲೆಕ್ಕ ಹಾಕುವುದು. ಲೆಕ್ಕದ ನಡುವೆ ಅವನ ಕಣ್ಣು ಮೆಲ್ಲ ಮೇಲೆದ್ದು ಅವಳ ಮುಖಕ್ಕೆ ಬರುತ್ತಿತ್ತು. "ಉತ್ತರ ನನ್ನ ಮೂಗಿನ ಮೇಲೆ ಉಂಟಾ?" ಎಂದು ಅವಳು ರೇಗಿಸಿದರೆ ಕಿವಿಯವರೆಗೂ ಕೆಂಪಾಗುತ್ತಿದ್ದ. ಮನೆಯಲ್ಲಿ ಮಾತಾಡ್ತೇನೆ, ಮಾತಾಡ್ತೇನೆ ಎಂದೇ ದಿನ ದೂಡಿದ. ತುಳು ಮಾತಾಡುವ ಹಿಂದೂ ಮನೆಯ ಹುಡುಗಿಯ ಹೆಸರನ್ನು ಮಮ್ಮಿಯ ಎದುರು ಎತ್ತಲು ಧೈರ್ಯ ಸಾಲಲಿಲ್ಲ. ಅಷ್ಟರಲ್ಲಿ ಕುವೈತಿನಲ್ಲಿ ನರ್ಸ್ ಆಗಿರುವ ಮೆಲಿಸಾಳ ಸಂಬಂಧ ಕುದುರಿತು. ಮದುವೆ ಮುಗಿಸಿ ಅವನೂ ಅಲ್ಲಿಗೇ ಹೊರಟಿದ್ದ.

ಅಂಗಳದಲ್ಲಿ ಕಬ್ಬಿಣದ ಕಂಬಗಳ ಚಪ್ಪರ, ಕಂಬದ ತುಂಬ ಬಣ್ಣದ ಲೈಟು. ಮದುಮಗ ಕೂರುವ ಕುರ್ಚಿ ಕಂಬಕ್ಕೆ ತಾಗಿಕೊಂಡೇ ಇತ್ತು. ಸಂಚಿತಾ ಮೇನ್ ಬೋರ್ಡಿಗೆ ಟೆಸ್ಟರ್ ಹಿಡಿದಳು.

"ಮೂವತ್ತೇಳೂವರೆ ಓಮ್."

"ಚಪ್ಪರದವರೆಗಿನ ವಯರಿಗೆ ಇನ್ನೂ ಅರ್ಧ," ಎಂದ ಅವನು. "ಒಟ್ಟು ಮೂವತ್ತೆಂಟು. ಇನ್ನೂರ ಮೂವತ್ತು ವೋಲ್ಟನ್ನು ಅದರಿಂದ ಭಾಗಿಸಿದ್ರೆ... ಬರೀ ಆರು ಆಂಪ್."

"ಬ್ರೇಕರ್ ಮೂವತ್ತೆರಡರದ್ದು. ಆರು ಆಂಪಿಗೆ ಅದು ಅಲ್ಲಾಡುದೂ ಇಲ್ಲ. ಅರ್ಥಿಂಗ್ ಗುಂಡಿ ಎಲ್ಲುಂಟು?"

ಅವನು ಕಾಲಡಿಯ ಹೊಸ ಇಂಟರ್‌ಲಾಕ್ ಕಲ್ಲುಹಾಸು ತೋರಿಸಿದ. "ಮದುವೆಗೆ ಅಂತ ಹಾಕಿಸಿದ್ದು. ಗುಂಡಿ ಅಡಿಗೆ ಹೋಯ್ತು. ಮುಚ್ಚಳ ಚಂದ ಕಾಣುದಿಲ್ಲ ಅಂತ ಮಮ್ಮಿ ಹೇಳಿದ್ಲು."

"ನೀನು ಇಂಜಿನಿಯರ್ ಮಾರಾಯ! ಗುಂಡಿಗೆ ನೀರು ಹೋಗದೆ ಮಣ್ಣು ಒಣಗಿ ಹೋಗಿದೆ. ಬೇಡ ಅಂತ ಹೇಳ್ಲಿಕ್ಕೆ ಆಗ್ಲಿಲ್ವಾ?"

ಡಿಯೋನ್ ತಲೆ ತಗ್ಗಿಸಿದ. ಆಮೇಲೆ ಹತ್ತಿರ ಬಂದು ಗುಟ್ಟಾಗಿ ಹೇಳಿದ. "ಇದು ಫೇಲ್ ಅಲ್ವಾ? ನೀನು ಫೇಲ್ ಅಂತ ಹೇಳಿಬಿಡು ಸಂಚಿ. ಇವತ್ತಿನ ರೋಸ್ ನಿಲ್ತದೆ."

ಇದಕ್ಕೇ ಕರೆಸಿದ್ದನೇ ಹಾಗಾದರೆ! ಒಂದು ಕ್ಷಣ ಅವಳಿಗೆ ಕುಣಿಯಬೇಕೆನಿಸಿತು. ಮರುಕ್ಷಣ ಕೇಳಿದಳು. "ರೋಸ್ ನಿಂತ್ರೆ ಮದುವೆ ನಿಲ್ತದಾ?"

ಅವನು ಚಪ್ಪಲಿಯ ತುದಿಯಿಂದ ಇಂಟರ್‌ಲಾಕಿನ ಸಂದು ಕೆರೆಯತೊಡಗಿದ.

"ಆಂಟಿಯತ್ರ ನೀನು ನಮ್ಮ ವಿಷಯ ಹೇಳ್ತೀಯಾ? ಈಗ, ನನ್ನ ಎದುರು? ಹೇಳು, ನಾನು ಇಲ್ಲಿಂದ ಕದಲುದಿಲ್ಲ."

ಅವನು ಅಡುಗೆಮನೆಯ ಕಡೆ ನೋಡಿದ. ಒಳಗಿನಿಂದ ತೆಂಗಿನಕಾಯಿ ಹೆರೆಯುವ ಸದ್ದು, ಹೆಂಗಸರ ನಗು. ಆ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಆ ಮುಖವನ್ನು ಅವಳು ಬೇಕಾದಷ್ಟು ಹೊತ್ತು ನೋಡಿದಳು. ಆಸೆ ಸತ್ತೇಹೋಯಿತು.

"ಹಾರೆ ಎಲ್ಲುಂಟು?" ಎಂದು ಕೇಳಿ, ತಾನೇ ಕೂಗಿದಳು. "ಆಂಟೀ, ಒಮ್ಮೆ ಬನ್ನಿ!"

ಸೆರಗಿಗೆ ಕೈ ಒರಸಿಕೊಳ್ಳುತ್ತಾ ಮಗ್ದಲೀನ್ ಬಂದರು. "ಲೈಟ್ ಉರೀತಾ ಉಂಟಲ್ಲ, ಮತ್ತೆಂತ?"

"ವಯರ್ ಎಲ್ಲಾದ್ರೂ ಕಂಬಕ್ಕೆ ತಾಗಿದ್ರೆ ಕರೆಂಟಿಗೆ ವಾಪಸ್ ಹೋಗ್ಲಿಕ್ಕೆ ಸಲೀಸಾದ ದಾರಿ ಬೇಕು ಆಂಟಿ. ಆಗ ಜೋರಾಗಿ ಹರಿದು ಬ್ರೇಕರ್ ಬೀಳ್ತದೆ. ಇಲ್ಲಿ ದಾರಿಯೇ ಕಟ್ಟಿದೆ. ಬ್ರೇಕರ್ ಬೀಳುದಿಲ್ಲ, ಒದ್ದೆ ಮೈಯಲ್ಲಿ ಕೂತ ನಿಮ್ಮ ಮಗ ಬೀಳ್ತಾನೆ. ಇಂಟರ್‌ಲಾಕ್ ಕೀಳ್ಬೇಕು."

"ಸಾಯ್ಬಾ! ಕೀಳಿ, ಬೇಕಾದ್ರೆ ಇಡೀ ಅಂಗಳ ಕೀಳಿ," ಎಂದರು ಮಗ್ದಲೀನ್, ಎದೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಾ. ಮಗನ ಕಡೆ ತಿರುಗಿ, "ಮೊದ್ಲೇ ಯಾಕೆ ಹೇಳ್ಲಿಲ್ಲ ಪುತಾ? ನೀನು ಹೇಳಿ ನಾನು ಯಾವುದಕ್ಕೆ ಇಲ್ಲ ಅಂದದ್ದುಂಟು?"

ಡಿಯೋನನ ಮುಖ ಬಿಳಿಚಿತು. ಸಂಚಿತಾ ಬೇರೆ ಕಡೆ ನೋಡಿದಳು. ಒಂದು ಮಾತಿಗೆ ಅಂಗಳ ಅಗೆಯಲು ಒಪ್ಪಿದ ಈ ಹೆಂಗಸು ಇನ್ನೊಂದು ಮಾತಿಗೂ ಒಪ್ಪುತ್ತಿದ್ದರೋ ಏನೋ. ಕೇಳಿ ನೋಡಿದವರಾರು? ಈಗಂತೂ ಅತ್ತ ಮೆಲಿಸಾಳ ಮನೆಯಲ್ಲೂ ರೋಸಿಗೆ ಹಾಲು ಹಿಂಡುತ್ತಿದ್ದಾರೆ. ಆ ಹುಡುಗಿ ಏನು ತಪ್ಪು ಮಾಡಿದ್ದಾಳೆ?

ಇಂಟರ್‌ಲಾಕ್ ಕಿತ್ತು ಗುಂಡಿಗೆ ಕೊಡಗಟ್ಟಲೆ ನೀರು ಹೊಯ್ದರು. ಓಮ್ ನಾಲ್ಕಕ್ಕೆ ಇಳಿಯಿತು. ಅದೂ ಸಾಲದೆಂದು ಸಂಚಿತಾ ಅಝರನ ಎಲೆಕ್ಟ್ರಿಕಲ್ ಅಂಗಡಿಯಿಂದ ಆರ್‌ಸಿಸಿಬಿ ತರಿಸಿದಳು. ಕರೆಂಟ್ ಚೂರು ಸೋರಿದರೂ ಕ್ಷಣದಲ್ಲಿ ಲೈನ್ ಕಡಿಯುವ ಸ್ವಿಚ್ಚು. ಕೂರಿಸಿ ಟೆಸ್ಟ್ ಬಟನ್ ಒತ್ತಿದಳು. ಟಕ್ ಎಂದು ಚಪ್ಪರ ಆರಿತು. ಮತ್ತೆ ಹಾಕಿದಳು.

"ಪಾಸ್," ಎಂದಳು. ಅವನ ಮುಖ ನೋಡಲಿಲ್ಲ.

ಹೊತ್ತು ಮುಳುಗುವಾಗ ಬ್ಯಾಂಡು ಶುರುವಾಯಿತು. ಹೊರಡಲೆಂದು ಸ್ಕೂಟರಿನ ಬಳಿ ಹೋದವಳನ್ನು ಮಗ್ದಲೀನ್ ಬಿಡಲಿಲ್ಲ. "ನೀನು ಮನೆಯವಳೇ ಅಲ್ವಾ ಬಾಯೆ? ನೀನೂ ರೋಸ್ ಹಚ್ಚಿ ಹೋಗು."

ಸಂಚಿತಾ ತೆಂಗಿನ ಹಾಲಿನ ಪಾತ್ರೆಗೆ ಕೈಯದ್ದಿ ಅವನ ಹಣೆಗೆ, ಕೆನ್ನೆಗೆ ಹಚ್ಚಿದಳು. ಇಷ್ಟು ವರ್ಷದಲ್ಲಿ ಆ ಕೆನ್ನೆ ಮುಟ್ಟಿದ್ದು ಇದೇ ಮೊದಲು.

"ನಂಗೆ ನೀನೇ ಬೇಕಿತ್ತು ಸಂಚಿ," ಎಂದ, ಬ್ಯಾಂಡಿನ ಗದ್ದಲದಲ್ಲಿ ಅವಳಿಗೆ ಮಾತ್ರ ಕೇಳುವಂತೆ.

"ನಂಗೂ," ಎಂದಳು. "ಕಣ್ಣು ಮುಚ್ಚು, ಉರೀತದೆ."

ಅವನು ಕಣ್ಣು ಮುಚ್ಚಿದ. ಹಿಂದಿನಿಂದ ಯಾರೋ ಕೊಡದಿಂದ ಹಾಲು ಹೊಯ್ದರು. ತಡವರಿಸಿದವನು ಒದ್ದೆ ಕೈಯಲ್ಲಿ ಪಕ್ಕದ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡ. ಸಂಚಿತಾ ಉಸಿರು ಬಿಗಿಹಿಡಿದು ಆ ಕೈಯನ್ನೇ ನೋಡಿದಳು.

ಏನೂ ಆಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅವಳು ಟೆಸ್ಟರ್ ಎತ್ತಿಕೊಂಡು, ಕೈಗೆ ಅಂಟಿದ ಹಾಲನ್ನು ಒರಸದೆ ಗೇಟು ದಾಟಿದಳು.