ಒಣಗದ ಕುಲುಮೆ

"ನನ್ನ ಕುಲುಮೆಗೆ ನೀರು ಹಾಕಿದ್ದು ಯಾರು?"

ಸೂಜಿಮೆಣಸಿನ ಕೂಗಿಗೆ ಹಿತ್ತಿಲ ಬೆಕ್ಕು ಗೋಡೆ ಹಾರಿ ಓಡಿತು. ಮನೆಯವರು ಇಟ್ಟ ಅಡ್ಡಹೆಸರಿಗೆ ತಕ್ಕ ಹುಡುಗಿ. ಗಾತ್ರ ಚಿಕ್ಕದು, ಖಾರ ಜಾಸ್ತಿ.

"ತಮ್ಮಾ, ನೀನೇನಾದ್ರೂ ಇದ್ರೊಳಗೆ ಸುಸ್ಸೂ ಮಾಡಿದ್ಯಾ?"

"ಛೀ! ನಾನ್ಯಾಕೆ ಮಾಡ್ಲಿ? ಬಾತ್‌ರೂಮ್ ಇಲ್ವಾ?"

ಕುಲುಮೆ ಅಂದರೆ ಹಳೆಯ ಪೇಂಟ್ ಡಬ್ಬ. ವೆಲ್ಡಿಂಗ್ ಕೆಲಸದ ಅತ್ತೆ ಅದರೊಳಗೆ ಬೆಂಕಿಗೆ ಜಗ್ಗದ ಮಣ್ಣು, ಮರದ ಹೊಟ್ಟು ಕಲಸಿ ಸುತ್ತಲೂ ದಪ್ಪಗೆ ಮೆತ್ತಿದ್ದಳು.

"ಈ ಗೋಡೆ ಇಲ್ದಿದ್ರೆ ಕಾವೆಲ್ಲ ಹೊರಗೆ ಹೋಗಿ ಬೀದಿ ಬೆಚ್ಚಗಾಗುತ್ತೆ, ಅಲ್ಯೂಮಿನಿಯಂ ಕರಗಲ್ಲ," ಎಂದಿದ್ದಳು ಅತ್ತೆ. "ಆದ್ರೆ ಪೂರ್ತಿ ಒಣಗೋವರೆಗೂ ಬೆಂಕಿ ಹಚ್ಚಲ್ಲ. ಹಸಿ ಇದ್ರೆ ಗೋಡೆನೇ ಸಿಡಿದುಬಿಡುತ್ತೆ."

ಕರಗಬೇಕಾದದ್ದು ಒಂದು ತೂತು ಪಾತ್ರೆ. ಅದರಿಂದ ಆಗಬೇಕಾದದ್ದು ಸೂಜಿಮೆಣಸಿನ ಗಾಡಿಗೆ ನಾಲ್ಕನೆಯ ಚಕ್ರ. ಭಾನುವಾರ ಇಳಿಜಾರು ಬೀದಿಯಲ್ಲಿ ಗಾಡಿ ರೇಸ್!

ಅದಕ್ಕೇ ಅವಳು ದಿನಾ ಸಂಜೆ ಅಮ್ಮನ ಹೇರ್ ಡ್ರೈಯರ್ ಎತ್ತಿಕೊಂಡು ಬಂದು ಮಣ್ಣಿಗೆ ಬಿಸಿಗಾಳಿ ಹೊಡೆಯುತ್ತಿದ್ದಳು. ಪಾಪ, ಅಮ್ಮ ಒದ್ದೆ ತಲೆಯಲ್ಲೇ ಓಡಾಡುತ್ತಿದ್ದಳು. ಸಂಜೆ ಬೆಳ್ಳಗಾದ ಮಣ್ಣು ಬೆಳಿಗ್ಗೆ ನೋಡಿದರೆ ಮತ್ತೆ ಕಪ್ಪಗೆ, ಹಸಿಹಸಿ.

ಶನಿವಾರ ಅವಳು ಬೇಗನೆ ಎದ್ದು ನೀರಿನ ಡ್ರಮ್ಮಿನ ಹಿಂದೆ ಅಡಗಿ ಕೂತಳು. ಕಳ್ಳನಿಗೆ ಏನೇನು ಬೈಯಬೇಕೆಂದು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದಳು.

ಬಾಗಿಲು ಕಿರ್ರೆಂದಿತು. ಮಗ್ ಹಿಡಿದು ಬಂದವರು ತಾತ! ಡಬ್ಬದ ಮುಂದೆ ಕೂತು, ಹಸುಗೂಸಿಗೆ ಸ್ನಾನ ಮಾಡಿಸುವ ಹಾಗೆ ಸುತ್ತಲೂ ನೀರು ಚಿಮುಕಿಸತೊಡಗಿದರು. ಜೊತೆಗೆ ಹಾಡು ಬೇರೆ.

"ತಾತಾ!"

ಮಗ್ ಕೈಜಾರಿ ಉಳಿದ ನೀರೂ ಕುಲುಮೆಗೇ ಸುರಿಯಿತು.

"ಅಯ್ಯೋ, ಎದೆ ಒಡೆದುಹೋಯ್ತಲ್ಲೇ! ನೀನು ಸ್ಕೂಲಿಗೆ ಓಡ್ತೀಯ, ನಿಮ್ಮತ್ತೆ ಕೆಲಸಕ್ಕೆ ಓಡ್ತಾಳೆ. ಹೊಸ ಗೋಡೆಗೆ ನೀರು ಹಾಕೋರು ಬೇಡ್ವಾ? ಬಿರುಕು ಬಿಡುತ್ತೆ ಕಣೇ! ಇಷ್ಟು ವರ್ಷ ಗಾರೆ ಕೆಲಸ ಮಾಡಿದೀನಿ, ನಾನು ಕಟ್ಟಿದ ಒಂದು ಗೋಡೆನೂ ಬಿರುಕು ಬಿಟ್ಟಿಲ್ಲ."

ಬೈಗುಳ ನಾಲಿಗೆಯ ತುದಿಗೇ ಬಂದಿತ್ತು. ಆಗ ತಾತನ ಮುಖ ನೋಡಿದಳು. ಮಂಡಿನೋವಿಗೆ ಕೆಲಸ ಬಿಟ್ಟ ಮೇಲೆ ಕಿಟಕಿ ಪಕ್ಕ ಸುಮ್ಮನೆ ಕೂತಿರುತ್ತಿದ್ದ ತಾತ ಇವರೇನಾ? ಕಣ್ಣು ಹೊಳೆಯುತ್ತಿತ್ತು. ಸೂಜಿಮೆಣಸಿಗೆ ಅಳು ಬಂತು. ಚಕ್ರಕ್ಕೋ ತಾತನಿಗೋ ಅವಳಿಗೇ ಗೊತ್ತಾಗಲಿಲ್ಲ.

"ತಾತ, ಇದು ಸಿಮೆಂಟ್ ಅಲ್ಲ. ಇದು ಒಣಗ್ಬೇಕು," ಎಂದಳು ಮೆಲ್ಲಗೆ.

ತಾತ ಪೆಚ್ಚಾದರು. "ಹಾಗಾದ್ರೆ ನಾಳೆ ನಿನ್ನ ರೇಸು..."

"ಬಿಡು, ಮುಂದಿನ ಸಲ ಓಡಿಸ್ತೀನಿ." ಮೂಗೊರೆಸಿಕೊಂಡಳು. "ಇದು ಒಣಗಿದೆಯೋ ಇಲ್ವೋ ಅಂತ ದಿನಾ ನೋಡೋರು ಬೇಕು ತಾತ. ನನಗೆ ಗೊತ್ತಾಗಲ್ಲ."

ಭಾನುವಾರ ಬೀದಿಯಲ್ಲಿ ಗಾಡಿಗಳು ಗಡಗಡ ಉರುಳಿದವು.

"ಅಕ್ಕಾ, ಬಾರೇ! ಶುರುವಾಯ್ತು!" ತಮ್ಮ ಗೇಟಿನಿಂದ ಕೂಗಿದ.

ಹಿತ್ತಿಲ ಬಿಸಿಲಿನಲ್ಲಿ ತಾತ ಮಣ್ಣನ್ನು ಬೆರಳಿನಿಂದ ಟಕಟಕ ಬಡಿದು ಕಿವಿಗೊಟ್ಟರು. "ಉಹುಂ, ಈ ಮಗ್ಗುಲು ಇನ್ನೂ ಹಸಿ. ಬಿಸಿಲಿಗೆ ತಿರುಗಿಸು."

ಸೂಜಿಮೆಣಸಿನ ಒಂದು ಕಿವಿ ಬೀದಿಯ ಕಡೆಗೇ ಇತ್ತು. ಆದರೂ ಡಬ್ಬವನ್ನು ಎರಡೂ ಕೈಯಲ್ಲಿ ತಬ್ಬಿ ತಿರುಗಿಸಿದಳು.

"ಸಾಕಾ, ಮೇಸ್ತ್ರಿ?"

ತಾತ ಬೆನ್ನು ನೆಟ್ಟಗೆ ಮಾಡಿ ಕೂತರು.

"ಇನ್ನೊಂಚೂರು."