ಕಾಯುವ ಪಟ್ಟಿಯ ಎರಡನೆಯವನು

ಬೋರಮ್‌ನಂಥ ಹುಡುಗಿ ತನ್ನ ಮಗನಿಗಿಂತ ಒಂದು ಮೆಟ್ಟಿಲು ಮೇಲಿರುವುದು ಹೇರಾನಳಿಗೆ ಅನ್ಯಾಯವಾಗಿ ಮಾತ್ರ ಕಾಣಲಿಲ್ಲ, ಅಸಹ್ಯವಾಗಿ ಕಂಡಿತು. ಹುಡುಗಿಯ ತಂದೆ ಬದುಕಿದ್ದಷ್ಟು ದಿನ ಕುನ್ಸಾನ್ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಹೊತ್ತವನು. ತಾಯಿ ಇನ್‌ಸುಕ್ ಶಾಲೆಯೊಂದರ ಅಡುಗೆಮನೆಯಲ್ಲಿ ಮೂಲಂಗಿ ಹೆಚ್ಚುವವಳು. ಟ್ಯೂಷನ್ನಿನ ಬಾಗಿಲು ತುಳಿಯದ ಆ ಹುಡುಗಿ ರಾಜಧಾನಿ ಸೋಲ್‌ನ ವಿಶ್ವವಿದ್ಯಾಲಯದ ಕಾಯುವ ಪಟ್ಟಿಯಲ್ಲಿ ಮೊದಲನೆಯವಳು; ಚಿಕ್ಕಂದಿನಿಂದ ಟ್ಯೂಷನ್ನಿನಲ್ಲೇ ಬೆಂದ ಹಾಜಿನ್ ಎರಡನೆಯವನು. ಇಬ್ಬರಿಗೂ ಬೇಕಾದದ್ದು ಒಂದೇ ವಾಣಿಜ್ಯ ವಿಭಾಗ.

ಸೀಟು ಸಿಕ್ಕವರು ಬಿಟ್ಟುಹೋದಂತೆಲ್ಲ ಪಟ್ಟಿ ಮುಂದೆ ಸರಿದು ಇಲ್ಲಿಗೆ ಬಂದು ನಿಂತಿತ್ತು. ಇವತ್ತು ಕೊನೆಯ ದಿನ. ಇನ್ನೊಬ್ಬರು ಬಿಟ್ಟಾರು, ಇಬ್ಬರು ಬಿಡುತ್ತಾರೆಂಬುದು ಹಗಲುಗನಸು. ಆ ಒಂದು ಸೀಟು ತಪ್ಪಿದರೆ ಹಾಜಿನ್ ಇನ್ನೊಂದು ವರ್ಷ ಪ್ರವೇಶ ಪರೀಕ್ಷೆಗೆ ಕೂರಬೇಕು. ಈ ಸೀಟಾದರೂ ಶಾಲೆಯ ಅಂಕಗಳ ಮೇಲಿನದು; ನವೆಂಬರಿನ ಪ್ರವೇಶ ಪರೀಕ್ಷೆಯಲ್ಲಿ ಅವನು ತಂದ ಅಂಕ ನೆಂಟರ ಮುಂದೆ ಬಾಯಿಬಿಟ್ಟು ಹೇಳುವಂಥದ್ದಲ್ಲ. "ಮತ್ತೆ ಕೂರ್ಸಿದ್ರೆ ನಾನು ನೆಟ್ಟಗೆ ಮಿಲಿಟರಿಗೆ ಹೋಗಿಬಿಡ್ತೀನಿ, ನೋಡ್ತಿರು" ಎಂದು ಅವನು ಹೆದರಿಸಿಯೂ ಆಗಿತ್ತು. ಹೇಳಿದ್ದನ್ನು ಮಾಡುವ ಛಾತಿ ಮಗನಿಗಿದೆಯೆಂದು ಹೇರಾನ್ ನಂಬಿರಲಿಲ್ಲ. ಆದರೆ ಮಗ ಮರುಪರೀಕ್ಷೆಯವನು ಎಂದು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹೇಳಿಸಿಕೊಳ್ಳುವುದು ಅವಳಿಂದಾಗದ ಕೆಲಸ.

ದಾರಿ ಹೊಳೆದದ್ದು ಬಟ್ಟೆ ಒಗೆಯಲು ಹಾಕುವಾಗ. ವಿಶ್ವವಿದ್ಯಾಲಯ ಸೀಟನ್ನು ಫೋನಿನಲ್ಲೇ ಕೊಡುತ್ತದೆ. ಮೂರು ಸಲ ಕರೆಯುತ್ತಾರೆ; ಎತ್ತದಿದ್ದರೆ ಬೇಡವಾಗಿದೆಯೆಂದು ತಿಳಿದು ಮುಂದಿನವರಿಗೆ ಕರೆ ಮಾಡುತ್ತಾರೆ. ಹಾಗಾದರೆ ಬೋರಮ್ ಎತ್ತಬಾರದು, ಅವಳ ತಾಯಿಯೂ ಎತ್ತಬಾರದು, ಅಷ್ಟೆ. ಊರಿನಲ್ಲಿ ಯಾರ ಕೈಯಲ್ಲೂ ಫೋನಿರದ ಜಾಗ ಒಂದೇ: ಹೆಂಗಸರ ಸಾರ್ವಜನಿಕ ಸ್ನಾನದ ಮನೆ. ನೆರೆಯವಳನ್ನು ಸ್ನಾನಕ್ಕೆ ಕರೆದೊಯ್ದದ್ದಕ್ಕೆ ಯಾವ ಪೊಲೀಸಿನವನು ಕೇಸು ಬರೆದುಕೊಳ್ಳುತ್ತಾನೆ? ಅವಳಿಗೆ ತನ್ನ ಬುದ್ಧಿಯ ಮೇಲೆ ತನಗೇ ಪ್ರೀತಿ ಉಕ್ಕಿತು.

ಬಾಗಿಲು ತೆರೆದ ಇನ್‌ಸುಕ್ ಹಿಂದೆಮುಂದೆ ನೋಡಿದಳು. "ಇವತ್ತಾ ಅಕ್ಕ? ಫೋನ್ ಬರಬೋದೇನೋ ಅಂತ..."

"ಅಯ್ಯೋ ಪೆದ್ದೀ, ಅದು ನಿನ್ನೆಗೇ ಮುಗೀತಂತೆ. ನಾನೇ ಆಫೀಸಿಗೆ ಫೋನ್ ಮಾಡಿ ಕೇಳ್ದೆ. ನನ್ ಮಗನ ಕಥೆನೂ ಅಷ್ಟೇ, ಮುಗೀತು. ಬಾ, ಮಗೂನೂ ಕರ್ಕೊಂಡು ಬಾ. ಮತ್ತೆ ಪರೀಕ್ಷೆಗೆ ಕೂರೋದೋ ಬೇಡವೋ ಅಂತ ಬಿಸಿನೀರಲ್ಲಿ ಕೂತ್ಕೊಂಡು ಮಾತಾಡೋಣ. ಖರ್ಚೆಲ್ಲ ನಂದು."

ನಾಳೆ ಸುಳ್ಳು ಬಯಲಾದರೆ? ಫೋನ್ ಎತ್ತಿದ ಗುಮಾಸ್ತ ತಪ್ಪು ಹೇಳಿದ ಎಂದರಾಯಿತು. ಇನ್‌ಸುಕ್‌ಳಂಥವರು ಗುಮಾಸ್ತರನ್ನು ಶಪಿಸುತ್ತಾರೆಯೇ ಹೊರತು ವಿಚಾರಿಸಲು ಹೋಗುವುದಿಲ್ಲ. ಇತ್ತ ಮನೆಯಲ್ಲಿ ಹಾಜಿನ್‌ಗೆ ಕಟ್ಟಪ್ಪಣೆಯಾಗಿತ್ತು: ಫೋನು ಕೈಯಲ್ಲೇ ಇರಬೇಕು, ಕಕ್ಕಸಿಗೆ ಹೋದರೂ. ಕರೆ ಬಂದರೆ ಆಟವಾಡದೆ "ಬರ್ತೀನಿ" ಅನ್ನಬೇಕು, ಅಷ್ಟೇ, ಹೆಚ್ಚು ಮಾತಾಡಿ ಕೆಡಿಸಬಾರದು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಹೇರಾನ್ ಎಲ್ಲರಿಗಿಂತ ಮೊದಲು ತನ್ನ ಫೋನನ್ನು ಪೆಟ್ಟಿಗೆಯೊಳಗಿಟ್ಟು, ಇಬ್ಬರಿಗೂ ಕಾಣುವಂತೆ ಬೀಗ ಹಾಕಿ, ಕೀಲಿಯ ರಬ್ಬರನ್ನು ಮುಂಗೈಗೆ ಏರಿಸಿದಳು. ಇದು ತನ್ನ ಯೋಜನೆಯಲ್ಲೇ ಅತ್ಯಂತ ನಾಜೂಕಿನ ಭಾಗವೆಂದು ಅವಳಿಗನಿಸಿತು. ನಾಳೆ ಯಾರು ಬೆರಳು ತೋರಿಸಿದರೂ, ನನ್ನದೂ ಒಳಗೇ ಇತ್ತಲ್ಲ ಅನ್ನಬಹುದು. ತಾಯಿ ಮಗಳು ಅವಳನ್ನೇ ನೋಡಿ ತಮ್ಮವನ್ನೂ ಒಳಗಿಟ್ಟರು. ಕುರಿಗಳು ಎಂದುಕೊಂಡಳು ಹೇರಾನ್.

ಬಿಸಿನೀರಿನ ಕೊಳದಲ್ಲಿ ಕತ್ತಿನವರೆಗೆ ಇಳಿದು ಅವಳು ಹಿತವಚನ ಶುರುಮಾಡಿದಳು. ಮತ್ತೆ ಕೂರುವುದೇ ಒಳ್ಳೆಯದು, ಬೋರಮ್ ಜಾಣೆ, ಒಂದು ವರ್ಷ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹೋಗುತ್ತದೆ. ಹೇಳುತ್ತ ಹೇಳುತ್ತ ಇವರು ನಿಜಕ್ಕೂ ತನಗೆ ಋಣಿಗಳಾಗಿರಬೇಕೆಂದು ಅವಳಿಗೆ ಅನಿಸತೊಡಗಿತು. ಆವಿಯಲ್ಲಿ ಮುಖ ಕೆಂಪಾಗಿದ್ದ ಇನ್‌ಸುಕ್ ಬಾಯಿಬಿಟ್ಟು ಕೇಳುತ್ತಿದ್ದಳು. ಈಗ ಮೊದಲ ಕರೆ ಬಂದಿರಬಹುದು. ಈಗ ಎರಡನೆಯದು.

ಬೆನ್ನು ಉಜ್ಜುವ ಹೆಂಗಸಿಗೂ ಹೇರಾನಳೇ ಹೇಳಿದ್ದಳು, ಮೊದಲು ತಾಯಿಗೆ, ಆಮೇಲೆ ಮಗಳಿಗೆ, ನಿಧಾನವಾಗಿ, ಚರ್ಮ ಒಂದು ಪದರ ಹೋಗುವ ಹಾಗೆ. ಕೊನೆಗೆ ತನಗೂ ಉಜ್ಜಿಸಿಕೊಂಡಳು. ಅಷ್ಟು ಹಾಯಾಗಿ ಅವಳು ಮಲಗಿ ತಿಂಗಳುಗಳೇ ಆಗಿದ್ದವು.

ಮೇಲೆದ್ದು ಬಂದು ಮೂವರೂ ಅಲ್ಲೇ ಮಾರುವ ಬೇಯಿಸಿದ ಮೊಟ್ಟೆ ಸುಲಿಯುತ್ತ ಕೂತಾಗ ಬೋರಮ್ ತಲೆ ತಗ್ಗಿಸಿಕೊಂಡು ಹೇಳಿದಳು: "ದೊಡ್ಡಮ್ಮ, ನೀವು ಹೇಳೋಕೆ ಮುಂಚೇನೇ ನಾನು ತೀರ್ಮಾನ ಮಾಡಿದ್ದೆ. ಮತ್ತೆ ಕೂರ್ತೀನಿ. ನಂಗೆ ವಾಣಿಜ್ಯ ಬೇಡ, ಪಶುವೈದ್ಯೆ ಆಗ್ಬೇಕು."

"ಏನೇ ಇದು! ನಂಗೊಂದು ಮಾತು ಹೇಳ್ದೆ?" ಇನ್‌ಸುಕ್‌ಳ ಕೈಯಿಂದ ಮೊಟ್ಟೆ ಜಾರಿತು.

"ಹೇಳಿದ್ರೆ ಅಳ್ತೀಯ ಅಂತ ಸುಮ್ನಿದ್ದೆ ಅಮ್ಮ. ಫೋನ್ ಬಂದಿದ್ರೂ ಬೇಡ ಅಂತಿದ್ದೆ. ಆಗ ಅದು ಹಾಜಿನ್‌ಗೇ ಹೋಗ್ತಿತ್ತು. ಮುಗಿದೇ ಹೋಯ್ತಲ್ಲ, ಅದೊಂದೇ ಬೇಜಾರು, ದೊಡ್ಡಮ್ಮ."

ಹೇರಾನ್ ಮೊಟ್ಟೆಯ ಸಿಪ್ಪೆಯನ್ನು ಕೆಳಗಿಟ್ಟಳು. ಇಷ್ಟೆಲ್ಲ ಹೊಂಚಿದ್ದು ಈ ಪೆದ್ದು ಹುಡುಗಿ ಬೇಡವೆಂದು ಎಸೆಯಲಿದ್ದ ಸೀಟಿಗೆ! ಸುಮ್ಮನೆ ಮನೆಯಲ್ಲಿದ್ದರೂ ಅದು ತಾನಾಗಿ ಉರುಳಿ ಬಂದು ಮಡಿಲಿಗೆ ಬೀಳುತ್ತಿತ್ತು. ಖರ್ಚಾಯಿತು, ಇವರ ಜೊತೆ ಹಲ್ಲು ಕಿರಿದದ್ದಾಯಿತು. ಹೋಗಲಿ, ಹೇಗೆ ಬಂದರೂ ಸೀಟು ಸೀಟೇ. "ಒಳ್ಳೇದೇ ಮಾಡ್ದೆ ಕಣಮ್ಮ" ಎಂದು ಹುಡುಗಿಯ ಕೆನ್ನೆ ತಟ್ಟಿ, ನಗು ತಡೆಯಲಾರದೆ ಪೆಟ್ಟಿಗೆಗಳ ಕಡೆ ನಡೆದಳು.

ಬೀಗ ತೆಗೆದಾಗ ಫೋನಿನಲ್ಲಿ ಹಾಜಿನ್‌ನ ಸಂದೇಶವಿತ್ತು: "ಅಮ್ಮಾ, ಬೆಳಗ್ಗಿಂದ ಕೈಯಲ್ಲೇ ಹಿಡ್ಕೊಂಡಿದ್ದೀನಿ, ಯಾರೂ ಮಾಡ್ಲಿಲ್ಲ." ಅದರ ಕೆಳಗೆ ಸೋಲ್‌ನ ಒಂದೇ ನಂಬರಿನಿಂದ ಎತ್ತದೆ ಹೋದ ಮೂರು ಕರೆಗಳು, ಅದರ ಕೆಳಗೆ ಉತ್ತರ ಬಾರದ ಕಾರಣ ಸೀಟನ್ನು ಮೂರನೆಯ ಅಭ್ಯರ್ಥಿಗೆ ಕೊಡಲಾಗಿದೆಯೆಂಬ ಒಂದು ಸಾಲು. ತಪ್ಪಿ ಇನ್‌ಸುಕ್‌ಳ ಫೋನು ಹಿಡಿದೆನೇನೋ ಎಂದು ಹೇರಾನ್ ಅದನ್ನು ತಿರುಗಿಸಿ ನೋಡಿದಳು. ತನ್ನದೇ. ಆಮೇಲೆ ಅವಳಿಗೆ ಸೆಪ್ಟೆಂಬರ್ ನೆನಪಾಯಿತು. ಅರ್ಜಿ ತುಂಬುವಾಗ ಹಾಜಿನ್‌ಗೆ ಫೋನೇ ಇರಲಿಲ್ಲ; ಓದು ಕೆಡುತ್ತದೆಂದು ವಸಂತದಲ್ಲೇ ಅವಳು ಅವನ ಲೈನು ತೆಗೆಸಿಹಾಕಿದ್ದಳು, ಈಗ ಅವನ ಕೈಯಲ್ಲಿರುವುದು ಪರೀಕ್ಷೆ ಮುಗಿದ ಮರುದಿನ ಕೊಡಿಸಿದ ಹೊಸ ನಂಬರು. ಗಂಡನನ್ನು ಇಂಥ ಕೆಲಸಕ್ಕೆ ಎಂದೂ ನೆಚ್ಚದ ಹೇರಾನ್, ಅಭ್ಯರ್ಥಿಯ ನಂಬರೆಂದು ಕೇಳಿದಲ್ಲೂ ಪಾಲಕರ ನಂಬರೆಂದು ಕೇಳಿದಲ್ಲೂ ಬರೆದದ್ದು ತನ್ನ ನಂಬರನ್ನೇ.