ಮನೆಯವರಿಗಷ್ಟೇ ಹೇಳುವ ಮದ್ದು

ಎಪ್ಪತ್ತಾರನೇ ಇಸವಿಯಲ್ಲಿ ನಾಲತವಾಡದ ಸುತ್ತ ಒಂದು ಒಳ್ಳೆಯ ಎತ್ತಿಗೆ ಒಂಬೈನೂರು ರೂಪಾಯಿ ಹೇಳುತ್ತಿದ್ದರು. ಅದರ ಹೊಟ್ಟೆ ಉಬ್ಬಿದರೆ ಇಳಿಸುವ ಮದ್ದಿನ ಸಾಮಾನಿಗೆ ಎಲ್ಲ ಸೇರಿ ಐದು ರೂಪಾಯಿ. ಮದ್ದು ಹಾಕಲು ಎರಡು ಹರದಾರಿ ನಡೆದು ಬರುವ ಸಾತವ್ವನಿಗೆ ಕೊಡಬೇಕಾದದ್ದು ಏನೂ ಇಲ್ಲ.

ಆಕೆ ದುಡ್ಡು ಮುಟ್ಟುತ್ತಿರಲಿಲ್ಲ. ಮದ್ದು ಹಾಕುವ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಆ ಮನೆಯ ದನಕ್ಕೆ ಕೈಗುಣ ನಡೆಯುವುದಿಲ್ಲ ಎಂದು ಅಪ್ಪ ಅಮೋಘಸಿದ್ಧ ಕುರಿ ಕಾಯುತ್ತ ಕಾಯುತ್ತಲೇ ಕಲಿಸಿ ಹೋಗಿದ್ದ. ಇನ್ನೊಂದು ಮಾತನ್ನೂ ಹೇಳಿದ್ದ: ಮದ್ದಿನ ಹೆಸರು ಸ್ವಂತ ಮನೆಯವರ ಕಿವಿಗೆ ಮಾತ್ರ.

ಇದು ತಿಳಿಯದ ರೈತ ರೇವಣಪ್ಪ ಎರಡು ವರ್ಷದ ಹಿಂದೆ, ಮೊದಲ ಸಲ ಆಕೆ ತನ್ನ ಎಮ್ಮೆಗೆ ಮದ್ದು ಹಾಕಲು ಬಂದಾಗ, ಚಹಾದ ಲೋಟ ಹಿಡಿದು ನಿಂತು ಮುಖ ಕೆಂಪಗೆ ಮಾಡಿಕೊಂಡಿದ್ದ.

"ಯಾಕ್ರಿ, ನಮ್ಮ ಮನಿ ಚಹಾ ನಿಮ್ಮ ಗಂಟಲದಾಗ ಇಳಿಯೂದಿಲ್ಲೇನು?"

"ಚಹಾ ಇಳೀತೈತ್ರಿ. ಆಮ್ಯಾಲ ನಿಮ್ಮ ಎಮ್ಮಿ ಹೊಟ್ಟಿ ಇಳಿಯೂದಿಲ್ಲ."

ಹೀಗೆಂದು ಆಕೆ ಸೆರಗಿನಿಂದ ಬೆವರು ಒರೆಸಿಕೊಂಡು, ಕಣ್ಣಂಚಿನಲ್ಲಿ ಒಮ್ಮೆ ನೋಡಿ ನಡೆದುಬಿಟ್ಟಳು. ಆ ಒಂದು ನೋಟಕ್ಕೆ ಹೆಂಡತಿ ತೀರಿಹೋಗಿ ಐದು ವರ್ಷವಾಗಿದ್ದ ಆ ಗಂಡಸು ಚಹಾ ಆರುವ ತನಕ ಅಲ್ಲೇ ನಿಂತಿದ್ದ. ಆಮೇಲಿಂದ ಆಕೆ ಬಂದಾಗಲೆಲ್ಲ ಒಂದು ತುಂಬಿದ ಲೋಟ ಕಟ್ಟೆಯ ಮೇಲಿಡುತ್ತಿದ್ದ.

"ಮತ್ತ ಇಟ್ರೇನ್ರಿ?"

"ಕುಡೀರಿ ಅಂತಲ್ರಿ. ಸುಮ್ನ ನೋಡ್ರಿ ಅಂತ."

ಸಾತವ್ವನಿಗೆ ಆಗ ಮೂವತ್ತೆರಡು. ಸಿಂದಗಿ ಕಡೆಯ ಊರಿಗೆ ಕೊಟ್ಟಿದ್ದರು. ಗಂಡ ಎರಡೇ ವರ್ಷಕ್ಕೆ ತೀರಿಕೊಂಡ ಮೇಲೆ ತವರಿಗೆ ಬಂದು ಅಣ್ಣ ಸೋಮನಿಂಗ ಮತ್ತು ಅವನ ಹೆಂಡತಿಯ ಜೊತೆಗಿದ್ದಳು. ಅವರಲ್ಲಿ ಉಡಿಕೆ ಮಾಡಿಕೊಂಡು ಮತ್ತೆ ಸಂಸಾರ ಹೂಡುವುದಕ್ಕೆ ಅಡ್ಡಿಯಿರಲಿಲ್ಲ. ದೀಪಾವಳಿ ಮುಗಿದ ಮೇಲೆ ರೇವಣಪ್ಪನ ತಾಯಿ ಹುಲಿಗೆವ್ವ ತಾನೇ ಹೋಗಿ ಕೇಳಿ ಬಂದಿದ್ದಳು.

ಸೋಮನಿಂಗ ಬೇಡ ಅನ್ನಲಿಲ್ಲ. "ಹೋಗಾಕಿ ಹೋಗು. ಅಪ್ಪನ ಮದ್ದು ನಿಮ್ಮ ವೈನಿಗೆ ಹೇಳಿಕೊಟ್ಟು, ಇನ್ನ ಮ್ಯಾಲ ನಾ ಹಾಕೂದಿಲ್ಲಂತ ಆಣಿ ಮಾಡಿ ಹೋಗು" ಅಂದ. ಅವನದೂ ಒಂದು ಲೆಕ್ಕವಿತ್ತು. ರಾಶಿಯ ಕಾಲದಲ್ಲಿ ಮದ್ದಿನ ಉಪಕಾರಕ್ಕೆಂದು ಆರು ಊರಿನವರು ಕೇಳದೆಯೇ ಆ ಮನೆಗೆ ಜೋಳ ಕಳಿಸುತ್ತಿದ್ದರು.

ಗಂಡ ಸತ್ತವಳು ಎದುರಿಗೆ ಬಂದರೆ ಹಿಂದಕ್ಕೆ ಸರಿಯುವ ಜನ, ದನ ಬಿದ್ದಾಗ ಮಾತ್ರ ಓಡಿ ಬಂದು ಸಾತವ್ವನ ಕೈ ಹಿಡಿಯುತ್ತಿದ್ದರು. ಆ ಮದ್ದನ್ನೂ ಬಿಟ್ಟರೆ ತನಗೆ ಏನು ಉಳಿಯುತ್ತದೆ? ರೇವಣಪ್ಪ ಉಳಿಯುತ್ತಾನೆ. ಅಷ್ಟು ಸಾಕೇ? ಎರಡು ತಿಂಗಳು ಇದನ್ನೇ ಯೋಚಿಸಿ ಯೋಚಿಸಿ ಆಕೆ ದಣಿದಿದ್ದಳು.

ಕಡಲೆ ಹಸಿರಾಗಿ ನಿಂತಿದ್ದ ಕಾಲ. ಅಂದು ಬೆಳಗ್ಗೆ ಪಕ್ಕದ ಊರಲ್ಲಿ ಒಂದು ಎಮ್ಮೆ ಆಕೆಯ ಕೈಯಲ್ಲೇ ಸತ್ತಿತ್ತು. ಕರೆಯಲು ತಡ ಮಾಡಿದ್ದರು. ಆಕೆ ಹೋಗುವಷ್ಟರಲ್ಲಿ ಕಣ್ಣು ತಿರುವಿತ್ತು. ಆ ಮನೆಯ ಹೆಣ್ಣುಮಗಳು ಎಮ್ಮೆಯ ಕೊರಳು ತಬ್ಬಿ ಅಳುವುದನ್ನು ನೋಡಿ, ಯಾರಿಗೂ ಹೇಳದೆ ಹೊರಟು ಬಂದಳು. ಎಲ್ಲಿಗೆ ಹೋಗಬೇಕೆಂದು ಕಾಲಿಗೆ ಹೇಳಿರಲಿಲ್ಲ. ಕಾಲು ರೇವಣಪ್ಪನ ಕಟ್ಟೆಗೆ ಬಂದು ನಿಂತಿತು.

ಹುಲಿಗೆವ್ವ ಒಳಗಿನಿಂದಲೇ ನೋಡಿ ಒಂದು ಚೊಂಬು ಮಜ್ಜಿಗೆ ತಂದಿಟ್ಟಳು. ಸಾತವ್ವ ಎತ್ತಿ ಕುಡಿದಳು. ಪೂರ್ತಿ ಕುಡಿದಳು. ಚೊಂಬು ಕೆಳಗಿಟ್ಟ ಮೇಲೆಯೇ ತಾನೇನು ಮಾಡಿದೆ ಎಂದು ಗೊತ್ತಾದದ್ದು.

"ಯವ್ವಾ, ಇದೇನ ಕುಡಿದ್ನಿ!"

"ಮಜ್ಜಿಗಿ" ಅಂದಳು ಹುಲಿಗೆವ್ವ. "ಇನ್ನೊಂದೀಟು ತರ್ಲೇನು?"

ಅಷ್ಟರಲ್ಲಿ ರೇವಣಪ್ಪ ಎತ್ತನ್ನು ಎಳೆದುಕೊಂಡು ಬಂದ. ಎತ್ತು ಹಗ್ಗ ಹರಿದುಕೊಂಡು ಹಸಿ ಕಡಲೆಯ ಹೊಲಕ್ಕೆ ಬಿದ್ದಿತ್ತು. ಎಡಪಕ್ಕೆ ಡೊಳ್ಳಿನಂತೆ ಬಿಗಿದು, ಬಾಯಲ್ಲಿ ನೊರೆ. ಮುದ್ದೇಬಿಹಾಳದಿಂದ ದನದ ಡಾಕ್ಟರನ್ನು ಕರೆತರಬೇಕೆಂದರೆ ಬಸ್ಸು ಸಂಜೆಗೆ.

"ಪುಣ್ಯಾಕ ನೀವ ಇಲ್ಲೇ ಅದೀರಿ! ಬೇಗ ಬರ್ರಿ."

"ನಾ ಹಾಕಾಕ ಬರೂದಿಲ್ರಿ. ನಿಮ್ಮ ಮನ್ಯಾಗ ಮಜ್ಜಿಗಿ ಕುಡದೇನಿ."

ರೇವಣಪ್ಪ ಬರಿದಾದ ಚೊಂಬನ್ನು ನೋಡಿದ. ಎರಡು ವರ್ಷ ಕಾದ ನೋಟ ಅದು. ಆದರೆ ನಗಲು ಅದು ಹೊತ್ತಲ್ಲ.

ಮಜ್ಜಿಗೆಗೂ ಎತ್ತಿನ ಹೊಟ್ಟೆಗೂ ಸಂಬಂಧವಿಲ್ಲ ಎಂದು ಓದಿದವರು ಹೇಳಬಹುದು. ಆದರೆ ನಂಬಿಕೆ ತಪ್ಪಿದ ಕೈ ನಡುಗುತ್ತದೆ. ನಡುಗುವ ಕೈಯಿಂದ ಬಿದಿರಿನ ಗೊಟ್ಟದಲ್ಲಿ ಎಣ್ಣೆ ಹಾಕಿದರೆ, ಅದು ಹೊಟ್ಟೆಗೆ ಹೋಗದೆ ಉಸಿರಿನ ದಾರಿಗೆ ಇಳಿದು ದನ ಅಲ್ಲೇ ಸಾಯುತ್ತದೆ. ಸಾತವ್ವನಿಗೆ ಅದು ಗೊತ್ತಿತ್ತು. ಆಕೆಯ ಕೈ ಆಗಲೇ ನಡುಗುತ್ತಿತ್ತು.

ಎತ್ತು ಮುಂಗಾಲು ಮಡಿಚಿತು.

"ನೀವ ಹಾಕ್ರಿ" ಅಂದಳು. "ನಾ ಹೇಳ್ತೇನಿ."

"ಹೇಳ್ತೀರಿ? ಹೆಸರು?"

"ಹೂಂ. ಇದನ್ನ ಮನಿಯವರಿಗಷ್ಟ ಹೇಳೂದು. ತಿಳೀತಿಲ್ಲೋ?"

ಆತನ ಕೈಯಲ್ಲಿದ್ದ ಹಗ್ಗ ಸಡಿಲವಾಯಿತು. "ತಿಳೀತ್ರಿ."

"ತಿಳದಿದ್ರ ಹಂಗ ನಿಂತು ನನ್ನ ಮಾರಿ ನೋಡಬ್ಯಾಡ್ರಿ. ಎತ್ತು ಸಾಯಾಕತ್ತೈತಿ."

ಮೊದಲು ಮುಂಗಾಲು ಎತ್ತರಕ್ಕೆ ಬರುವಂತೆ ಎತ್ತನ್ನು ದಿಬ್ಬಕ್ಕೆ ಹತ್ತಿಸಿದರು. ಬೇವಿನ ಕಡ್ಡಿಯನ್ನು ಬಾಯಿಗೆ ಅಡ್ಡ ಕಟ್ಟಿಸಿದಳು. ಅಗಿಯುತ್ತಿದ್ದರೆ ತೇಗು ಬರುತ್ತದೆ. ಆಮೇಲೆ ಆರು ಅಡಿ ದೂರ ನಿಂತು, ಕೈ ಹಿಂದೆ ಕಟ್ಟಿಕೊಂಡು, ಮೆಲ್ಲಗೆ ಹೇಳಿದಳು.

"ಅರ್ಧ ಸೇರು ಕುಸುಬಿ ಎಣ್ಣಿ. ಒಂದು ಹಿಡಿ ಅಜಿವಾನ. ಕಡ್ಲಿಕಾಳಿನಷ್ಟು ಎರಡು ಹರಳು ಇಂಗು. ಹಸಿಶುಂಠಿ ಜಜ್ಜಿ ಹಾಕ್ರಿ. ಹಿತ್ತಲದಾಗ ನುಗ್ಗಿ ಗಿಡ ಐತೆಲ್ಲ, ಅದರ ತೊಗಟಿ ಕುಟ್ಟಿ ರಸ ತಗೀರಿ."

ರೇವಣಪ್ಪ ಬೆರಗಾಗಿ ನಿಂತ. "ಇಷ್ಟ? ಇವೆಲ್ಲಾ ನಮ್ಮ ಅಡಗಿಮನ್ಯಾಗ ಅದಾವಲ್ರಿ!"

"ಅದಕ್ಕ ಯಾರಿಗೂ ಹೇಳೂದಿಲ್ಲ."

ಹುಲಿಗೆವ್ವ ಒಳಗೆ ಇಂಗು ಕುಟ್ಟುತ್ತ ನಕ್ಕ ಸದ್ದು ಹೊರಗೆ ಕೇಳಿಸಿತು.

ಗುಟ್ಟು ಅಳತೆಯಲ್ಲಿತ್ತು, ಮತ್ತು ಹಾಕುವ ರೀತಿಯಲ್ಲಿತ್ತು. "ನಾಲಗಿ ಹಿಡದು ಜಗ್ಗಬ್ಯಾಡ್ರಿ. ಗೊಟ್ಟ ದವಡಿ ಸಂದಿಯೊಳಗ. ಒಂದು ಗುಟುಕು ಹಾಕ್ರಿ, ನುಂಗಲಿ. ಕೆಮ್ಮಿದ್ರ ತಲಿ ಬಿಟ್ಟುಬಿಡ್ರಿ. ಅವಸರ ಬ್ಯಾಡ."

"ಅವಸರ ನನಗೆಲ್ಲೈತ್ರಿ? ಎರಡು ವರ್ಷ ಕಾದೇನಿ."

"ಎತ್ತಿನ ಕಡೆ ನೋಡ್ರಿ."

ಆತ ಎತ್ತಿನ ಕಡೆ ನೋಡಿದ. ಆಕೆ ಆತನ ಕೈಯನ್ನು ನೋಡಿದಳು. ದೊಡ್ಡ, ಒಡೆದ ಕೈ. ಗೊಟ್ಟವನ್ನು ಮಗುವಿಗೆ ಹಾಲು ಕುಡಿಸುವಷ್ಟು ನಿಧಾನವಾಗಿ ಎತ್ತುತ್ತಿತ್ತು. ಒಮ್ಮೆಯೂ ನಡುಗಲಿಲ್ಲ. ಇಂಥ ಕೈಗೆ ಹೇಳಿದ್ದಕ್ಕೆ ಅಪ್ಪ ಬೈಯಲಾರ ಅನ್ನಿಸಿತು.

ಪಕ್ಕೆಯನ್ನು ತಿಕ್ಕಿ ತಿಕ್ಕಿ ಇಬ್ಬರ ರಟ್ಟೆಗಳೂ ಸೋತವು. ತಿಕ್ಕುವುದಕ್ಕೆ ಕೈಗುಣ ಬೇಡವೆಂದು ಆಕೆಯೂ ಬಂದು ಸೇರಿದ್ದಳು. ಬಿಸಿಲು ಇಳಿಯುವ ಹೊತ್ತಿಗೆ ಎತ್ತು ಒಂದು ದೊಡ್ಡ ತೇಗು ಬಿಟ್ಟಿತು. ಹಸಿ ಕಡಲೆಯ ಹುಳಿ ನಾತ ಇಬ್ಬರ ಮುಖಕ್ಕೂ ಹೊಡೆಯಿತು. ಜಗತ್ತಿನಲ್ಲಿ ಅಷ್ಟು ಒಳ್ಳೆಯ ವಾಸನೆ ಇನ್ನೊಂದಿಲ್ಲ ಎಂಬಂತೆ ರೇವಣಪ್ಪ ಉಸಿರೆಳೆದುಕೊಂಡ.

ಇಬ್ಬರೂ ಗೋಡೆಗೆ ಒರಗಿ ಕುಳಿತರು. ಆಕೆಯ ಬಳೆಗಳಿಲ್ಲದ ಕೈಗೆ ಎಣ್ಣೆ ಮೆತ್ತಿತ್ತು. ಆತ ತನ್ನ ರುಮಾಲಿನ ತುದಿಯಿಂದ ಅದನ್ನು ಒರೆಸಿದ. ಒರೆಸಿಯಾದ ಮೇಲೂ ಕೈ ಬಿಡಲಿಲ್ಲ. ಆಕೆಗೂ ಎಳೆದುಕೊಳ್ಳುವಷ್ಟು ಶಕ್ತಿ ಉಳಿದಿರಲಿಲ್ಲ. ಇಷ್ಟವೂ ಇರಲಿಲ್ಲ.

"ಅಣ್ಣ ಸಿಟ್ಟಾಗ್ತಾನ" ಅಂದಳು. "ಆಣಿ ಮಾಡಲಾರದ ಬರ್ತೇನಿ. ಮದ್ದು ಬಿಡೂದಿಲ್ಲ ನಾ."

"ಬಿಡು ಅಂತ ನಾನೆಲ್ಲಿ ಅಂದೇನ್ರಿ?"

"ಈಗ ಅನ್ನೂದಿಲ್ಲ. ಮುಂದ, ಒಲಿ ಮ್ಯಾಲ ಅನ್ನ ಇಟ್ಟಾಗ ಯಾರರ ದನ ಬಿತ್ತು ಅಂತ ಕರಿಯಾಕ ಬರ್ತಾರ. ಆಗ ಅಂತೀರಿ."

"ಆಗ ಅನ್ನ ನಾ ಇಳಸ್ತೇನಿ."

ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಬೆಳಗಿನ ಎಮ್ಮೆಯ ನೆನಪಿಗೋ, ಈ ಮಾತಿಗೋ ಆಕೆಗೇ ತಿಳಿಯಲಿಲ್ಲ.

"ಉಡಿಕಿ ಯಾವಾಗ ಅಂತ ಅವ್ವ ಕೇಳ್ತಾಳ" ಅಂದ ಆತ.

"ಅವ್ವ ಕೇಳ್ತಾಳೋ, ನೀವ ಕೇಳ್ತೀರೋ?"

"ನಾನ ಕೇಳ್ತೇನಿ."

"ಮೊದಲ ಎತ್ತು ಮೆಲಕು ಹಾಕ್ಲಿ."

ಮರುದಿನ ಮೆಲುಕು ಹಾಕಿತು. ಮಾಘದಲ್ಲಿ ಉಡಿಕೆ ಆಯಿತು. ಎತ್ತು ಉಳಿಯಿತು, ಆದರೆ ಮೊದಲಿನ ಕಸುವು ಬರಲಿಲ್ಲ, ಎರಡು ವರ್ಷಕ್ಕೆ ಮಾರಬೇಕಾಯಿತು. ಸೋಮನಿಂಗ ಮೂರು ವರ್ಷ ತಂಗಿಯ ಹೊಸ್ತಿಲು ತುಳಿಯಲಿಲ್ಲ. ಅವನ ಮಾತು ಕೇಳಿ ತವರಿನ ಕಡೆಯ ನಾಲ್ಕು ಊರು ಆಕೆಯನ್ನು ಕರೆಯುವುದು ಬಿಟ್ಟವು. ಎರಡು ಊರು ಬಿಡಲಿಲ್ಲ. ಸ್ವಂತ ಮನೆಯ ದನಕ್ಕೆ ಆಕೆ ಎಂದೂ ಗೊಟ್ಟ ಎತ್ತಲಿಲ್ಲ. ಅದನ್ನು ಕೊನೆಯವರೆಗೂ ರೇವಣಪ್ಪನೇ ಹಾಕಿದ.